‘ಆದರೂ’ ಎಂಬ ಪದಕ್ಕೆ ಒಂದು ಜೀವನಕಥೆ

ಪ್ರೌಢಶಾಲೆಯ ಇಂಗ್ಲಿಷ್ ಪರೀಕ್ಷೆ ಬರೆದವರಿಗೆ ‘ಪ್ರೊಫೈಲ್’ ಪ್ರಶ್ನೆ ಹೊಸದಲ್ಲ. ಒಬ್ಬ ವ್ಯಕ್ತಿಯ ಹೆಸರು, ವಯಸ್ಸು, ಉದ್ಯೋಗ, ಹವ್ಯಾಸ, ಜನಪ್ರಿಯತೆಗೆ ಕಾರಣ ಎಂದು ಐದಾರು ಸುಳಿವುಗಳಿರುತ್ತವೆ. ಅವುಗಳನ್ನು ಜೋಡಿಸಿ ಒಂದು ಪ್ಯಾರಾ ಬರೆಯಬೇಕು. ಬೋಧನಾಭ್ಯಾಸದ ಎರಡನೇ ಹಂತದಲ್ಲಿ ಒಂಬತ್ತನೇ ತರಗತಿಗೆ ಈ ಪಾಠ ಮಾಡುವ ಸರದಿ ನನ್ನದಾಗಿತ್ತು.

ಪಾಠಯೋಜನೆ ಬರೆಯುವ ಮೊದಲು ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಾಗೂ ಮಕ್ಕಳ ಉತ್ತರಗಳನ್ನು ನೋಡಿದೆ. ಬಹುತೇಕ ಉತ್ತರಗಳು ‘ಆಂಡ್’ ಒಂದರಿಂದಲೇ ಹೊಲಿದಂತಿದ್ದವು. ಹುಟ್ಟಿದರು ಮತ್ತು ಓದಿದರು ಮತ್ತು ಪ್ರಶಸ್ತಿ ಪಡೆದರು. ಇದು ಮಕ್ಕಳ ದೌರ್ಬಲ್ಯ ಎಂದು ನನಗೆ ಅನ್ನಿಸಲಿಲ್ಲ. ನಾವು ಕೊಡುವ ಸುಳಿವುಗಳಲ್ಲಿ ಬರುವ ವ್ಯಕ್ತಿಗಳು ಎಲ್ಲೂ ಎಡವುವುದಿಲ್ಲ, ಎಲ್ಲೂ ನಿಲ್ಲುವುದಿಲ್ಲ. ಅಂಥ ಬದುಕನ್ನು ಬರೆಯಲು ‘ಬಟ್’ ಏಕೆ ಬೇಕು, ‘ಆಲ್ದೋ’ ಏಕೆ ಬೇಕು?

ಆ ಶಾಲೆಯಲ್ಲಿ ಇನ್ನೊಂದು ವಿಷಯವೂ ನನ್ನ ಗಮನಕ್ಕೆ ಬಂದಿತ್ತು. ಆಟದ ಅವಧಿಯಲ್ಲಿ ಎಂಟನೇ ತರಗತಿಯ ಹುಡುಗಿಯರು ಮೈದಾನದಲ್ಲಿ ಓಡುತ್ತಿದ್ದರು. ಒಂಬತ್ತು, ಹತ್ತನೇ ತರಗತಿಯವರು ಬೇವಿನ ಮರದ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಹೋದ ವರ್ಷ ಹೋಬಳಿ ಮಟ್ಟದಲ್ಲಿ ಕೊಕ್ಕೊ ಆಡಿ ಗೆದ್ದವರೂ ಅವರಲ್ಲಿದ್ದರು. ಕೇಳಿದರೆ, “ಈಗ ಬಿಟ್ಟಿದೀನಿ ಮಿಸ್” ಎನ್ನುತ್ತಿದ್ದರು, ಅಷ್ಟೆ.

ಈ ಎರಡೂ ಕಾರಣಗಳಿಂದ ನಾನು ಆರಿಸಿಕೊಂಡದ್ದು ಅಮೆರಿಕದ ಫುಟ್‌ಬಾಲ್ ಆಟಗಾರ್ತಿ ಸೋಫಿಯಾ ಸ್ಮಿತ್ ಅವರನ್ನು. ಮದುವೆಯ ನಂತರ ಅವರು ಸೋಫಿಯಾ ವಿಲ್ಸನ್. ತಂಡದ ಮುಂಪಂಕ್ತಿಯಲ್ಲಿ ಆಡಿ ಗೋಲು ಹೊಡೆಯುವ ‘ಫಾರ್ವರ್ಡ್’. ಚಾರ್ಟಿನಲ್ಲಿ ನಾನು ಬರೆದ ಸುಳಿವುಗಳು ಹೀಗಿದ್ದವು. 2000ದಲ್ಲಿ ಜನನ, ಬೆಳೆದದ್ದು ಕೊಲೊರಾಡೊ ರಾಜ್ಯದ ವಿಂಡ್ಸರ್ ಊರಿನಲ್ಲಿ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರ್ಪಡೆ. ಮೊದಲ ವರ್ಷವೇ ಕಾಲಿಗೆ ಗಾಯ, ಋತುವಿನ ಕೊನೆಯ ಪಂದ್ಯಗಳಿಗೆ ಇಲ್ಲ. 2019ರಲ್ಲಿ 17 ಗೋಲು, ರಾಷ್ಟ್ರೀಯ ಕಾಲೇಜು ಟೂರ್ನಿಯ ಸೆಮಿಫೈನಲ್‌ನಲ್ಲಿ ಹ್ಯಾಟ್ರಿಕ್, ತಂಡಕ್ಕೆ ಪ್ರಶಸ್ತಿ. 2020ರ ಜನವರಿಯಲ್ಲಿ, 19ನೇ ವಯಸ್ಸಿನಲ್ಲಿ, ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಮೊದಲ ಹೆಸರು. ಪೋರ್ಟ್‌ಲ್ಯಾಂಡ್ ಥಾರ್ನ್ಸ್ ತಂಡ. 2022ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ್ತಿ. ಫೈನಲ್‌ನ 4ನೇ ನಿಮಿಷದಲ್ಲೇ ಗೋಲು. 2023ರ ವಿಶ್ವಕಪ್‌ನಲ್ಲಿ ಸ್ವೀಡನ್ ವಿರುದ್ಧ ಪೆನಾಲ್ಟಿ ಕಿಕ್ ಗುರಿ ತಪ್ಪಿತು, ತಂಡ ಹೊರಬಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಜರ್ಮನಿ ವಿರುದ್ಧ ಪಂದ್ಯದ ಏಕೈಕ ಗೋಲು, ಕೊನೆಗೆ ಚಿನ್ನ.

ಗಾಯವನ್ನೂ ತಪ್ಪಿದ ಪೆನಾಲ್ಟಿಯನ್ನೂ ಬೇಕೆಂದೇ ಸೇರಿಸಿದ್ದೆ.

ಗುಂಪು ಚಟುವಟಿಕೆ ಶುರುವಾಯಿತು. ಎರಡು ಗುಂಪುಗಳು ಆ ಎರಡು ಸುಳಿವುಗಳನ್ನು ಬಿಟ್ಟೇ ಬರೆದವು. ಏಕೆ ಬಿಟ್ಟಿರಿ ಎಂದು ಕೇಳಿದಾಗ ಒಬ್ಬ ಹುಡುಗ ಎದ್ದು ನಿಂತು, “ಅದು ಸಾಧನೆ ಅಲ್ವಲ್ಲ ಮಿಸ್” ಎಂದ. ಅವನ ಉತ್ತರದಲ್ಲಿ ತಪ್ಪಿರಲಿಲ್ಲ. ಪ್ರೊಫೈಲ್ ಎಂದರೆ ಸಾಧನೆಗಳ ಪಟ್ಟಿ ಎಂದೇ ಅವನು ಕಲಿತಿದ್ದ. ಆಗ ಕಪ್ಪುಹಲಗೆಯ ಮೇಲೆ 2018 ಮತ್ತು 2019 ಎಂದು ಬರೆದು, ಇವೆರಡನ್ನೂ ಒಂದೇ ವಾಕ್ಯದಲ್ಲಿ ಹೇಳಿ ನೋಡೋಣ ಎಂದೆ. ‘ಆಂಡ್’ ಹಾಕಿದರು, ಅರ್ಥ ಕೂಡಲಿಲ್ಲ. ‘ಬಟ್’ ಹಾಕಿದರು, ಪರವಾಗಿಲ್ಲ ಅನ್ನಿಸಿತು. ಕನ್ನಡದಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳಿದಾಗ ಹಿಂದಿನ ಬೆಂಚಿನಿಂದ ಉತ್ತರ ಬಂತು: “ಗಾಯ ಆಗಿದ್ರೂ ಮುಂದಿನ ವರ್ಷ ಗೆದ್ದಳು.” ಆ ‘ಆಗಿದ್ರೂ’ದಲ್ಲಿರುವ ‘ಊ’ ಸ್ವರವೇ ಇಂಗ್ಲಿಷಿನ ‘ಆಲ್ದೋ’ ಎಂದಾಗ ತರಗತಿಗೆ ವಿಷಯ ಹಿಡಿಯಿತು. ನಿಯಮ ಹೇಳಿ ಉದಾಹರಣೆ ಕೊಡುವ ಬದಲು, ಆ ಪದ ಇಲ್ಲದೆ ಹೇಳಲಾಗದ ಒಂದು ಬದುಕನ್ನು ಮುಂದಿಟ್ಟದ್ದು ಇಲ್ಲಿ ಕೆಲಸಕ್ಕೆ ಬಂತು.

ಅಷ್ಟರಲ್ಲಿ ಕಟ್ಟೆಯ ಮೇಲೆ ಕೂರುವವರಲ್ಲಿ ಒಬ್ಬಳು ಕೇಳಿದಳು: “ಮಿಸ್, ಆಡೋಕೆ ಆಗದಿದ್ದಾಗ ಕಾಲೇಜಿಂದ ಕಳಿಸಿಬಿಡಲಿಲ್ವಾ?”

ಈ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿರಲಿಲ್ಲ. ಆದರೆ ಆ ದಿನದ ಅತಿ ಮುಖ್ಯ ಪ್ರಶ್ನೆ ಅದೇ ಎಂದು ನನಗನ್ನಿಸಿತು. ಇಲ್ಲಮ್ಮ, ಅವರು ಅಲ್ಲೇ ಓದಿದರು, ತಂಡದಲ್ಲೇ ಉಳಿದರು, ಗುಣವಾದ ಮೇಲೆ ಮತ್ತೆ ಆಡಿದರು ಎಂದೆ. ಅಲ್ಲಿನ ಕಾಲೇಜುಗಳಲ್ಲಿ ಹುಡುಗಿಯರ ತಂಡಗಳು ತಾವಾಗಿಯೇ ಹುಟ್ಟಲಿಲ್ಲ ಎಂಬುದನ್ನೂ ಹೇಳಿದೆ. 1972ರಲ್ಲಿ ‘ಟೈಟಲ್ ನೈನ್’ ಎಂಬ ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡುವಂತಿಲ್ಲ ಎಂದು ಅದು ಹೇಳಿತು. ಅದರಲ್ಲಿ ಆಟ ಎಂಬ ಮಾತೇ ಇಲ್ಲ. ಆದರೂ ಶಾಲಾ ಕಾಲೇಜುಗಳು ಹುಡುಗಿಯರಿಗೆ ತಂಡ, ಕೋಚ್, ವಿದ್ಯಾರ್ಥಿವೇತನ ಒದಗಿಸಲು ಅದೇ ಕಾರಣವಾಯಿತು. ಕಾಲೇಜಿನಿಂದಾಚೆಯ ಮೆಟ್ಟಿಲು ಮಾತ್ರ ಎರಡು ಸಲ ಮುರಿಯಿತು. 2001ರಲ್ಲಿ ಆರಂಭವಾದ ಮಹಿಳಾ ವೃತ್ತಿಪರ ಲೀಗ್ ಮೂರು ಋತುಗಳಲ್ಲಿ ನಿಂತಿತು. 2009ರಲ್ಲಿ ಬಂದ ಇನ್ನೊಂದೂ ಮೂರೇ ಋತು ನಡೆಯಿತು. 2013ರಲ್ಲಿ ಶುರುವಾದ ಮೂರನೆಯದು ಉಳಿಯಿತು. ಸೋಫಿಯಾ ಕಾಲಿಟ್ಟದ್ದು ಅದಕ್ಕೆ. ಯಾವ ಆಟಗಾರ್ತಿ ಯಾವ ತಂಡಕ್ಕೆ ಎಂದು ತಂಡಗಳೇ ಸರದಿಯಲ್ಲಿ ಹೆಸರು ಕೂಗಿ ಆರಿಸುವ ‘ಡ್ರಾಫ್ಟ್’ ಪದ್ಧತಿ ಆಗ ಇತ್ತು. 2024ರ ಒಪ್ಪಂದದಲ್ಲಿ ಅದನ್ನು ಕೈಬಿಟ್ಟರು. ಈಗ ಕಾಲೇಜು ಮುಗಿಸಿದ ಆಟಗಾರ್ತಿ ತನಗೆ ಬೇಕಾದ ತಂಡದೊಂದಿಗೆ ತಾನೇ ಮಾತಾಡಬಹುದು.

“ನಮ್ಮಲ್ಲಿ ಇದೆಯಾ ಮಿಸ್?” ಎಂದು ಇನ್ನೊಬ್ಬಳು ಕೇಳಿದಳು. ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟ, ಸರ್ಕಾರದ ಕ್ರೀಡಾ ವಸತಿ ನಿಲಯ, ವಿಶ್ವವಿದ್ಯಾಲಯದ ತಂಡ, 2016–17ರಲ್ಲಿ ಶುರುವಾದ ಭಾರತೀಯ ಮಹಿಳಾ ಲೀಗ್, ಅದರಲ್ಲಿ ಆಡಿರುವ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಇಷ್ಟನ್ನು ಹಲಗೆಯ ಮೇಲೆ ಒಂದರ ಮೇಲೊಂದು ಬರೆದೆ. ನಮ್ಮ ಮೆಟ್ಟಿಲುಗಳ ನಡುವೆ ಅಂತರ ಹೆಚ್ಚು ಎಂಬುದನ್ನು ಮುಚ್ಚಿಡಲಿಲ್ಲ. ಮಕ್ಕಳಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು.

ಪಾಠ ವೀಕ್ಷಿಸಿದ ಮಾರ್ಗದರ್ಶಕಿ ಮೇಡಂ ವೀಕ್ಷಣಾ ಪುಸ್ತಕದಲ್ಲಿ, ‘ಸಂಯೋಜಕ ಪದಗಳ ಬಳಕೆ ಉತ್ತಮ, ಚರ್ಚೆ ಉದ್ದೇಶದಿಂದ ದೂರ ಸರಿದಿದೆ’ ಎಂದು ಬರೆದರು. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ. ಆದರೆ ಎರಡನೆಯ ಮಾತನ್ನು ನಾನು ಒಪ್ಪಲಾರೆ, ಅವರಿಗೂ ಅದನ್ನೇ ಹೇಳಿದೆ. ಆ ಹುಡುಗಿಯ ಪ್ರಶ್ನೆ ಬಂದದ್ದು 2018ರ ಸುಳಿವಿನಿಂದಲೇ. ಓದಿದ್ದರಲ್ಲಿ ಹೇಳದೆ ಬಿಟ್ಟದ್ದೇನು ಎಂದು ಕೇಳುವುದೂ ಭಾಷಾ ಕೌಶಲವೇ. ಅಲ್ಲಿ ‘ಅದು ಪಾಠದಲ್ಲಿಲ್ಲ, ಕೂತ್ಕೊಳ್ಳಮ್ಮ’ ಎಂದಿದ್ದರೆ, ಆಟ ನಿಂತವರ ಬಗ್ಗೆ ಶಾಲೆಯಲ್ಲಿ ಯಾರೂ ಮಾತಾಡುವುದಿಲ್ಲ ಎಂಬ ಅವಳ ನಂಬಿಕೆಯನ್ನು ನಾನೂ ಗಟ್ಟಿ ಮಾಡುತ್ತಿದ್ದೆ.

ಮನೆಗೆಲಸವಾಗಿ ಪ್ರತಿಯೊಬ್ಬರೂ ತಮ್ಮದೇ ಪ್ರೊಫೈಲ್ ಬರೆಯಬೇಕಿತ್ತು, ಒಂದು ವಾಕ್ಯದಲ್ಲಾದರೂ ‘ಆಲ್ದೋ’ ಇರಬೇಕಿತ್ತು. ಮರುದಿನ ಪುಸ್ತಕಗಳನ್ನು ತಿದ್ದುವಾಗ ಬಡತನ ಬಂತು, ಕುಡಿಯುವ ಅಪ್ಪ ಬಂದ, ಗಣಿತದಲ್ಲಿ ಬಂದ ಕಡಿಮೆ ಅಂಕ ಬಂತು. ಆ ಹುಡುಗಿಯ ವಾಕ್ಯದಲ್ಲಿ ಕಾಗುಣಿತದ ಎರಡು ತಪ್ಪುಗಳಿದ್ದವು. ಅರ್ಥ ಇಷ್ಟು: ದೊಡ್ಡವಳಾದ ಮೇಲೆ ಮನೆಯಲ್ಲಿ ಆಟ ಬಿಡಿಸಿದ್ದರೂ ನನಗೆ ಕೊಕ್ಕೊ ನಿಯಮಗಳೆಲ್ಲ ನೆನಪಿವೆ.

ಅವಳ ಒಪ್ಪಿಗೆ ಕೇಳಿ ಆ ಸಾಲನ್ನು ದೈಹಿಕ ಶಿಕ್ಷಣ ಶಿಕ್ಷಕರಿಗೆ ತೋರಿಸಿದೆ. ಅವರು ಹೆಚ್ಚು ಮಾತಾಡಲಿಲ್ಲ. ಆ ವಾರ ಎಂಟನೇ ತರಗತಿಯವರ ಪಂದ್ಯಕ್ಕೆ ಅಂಕಪುಸ್ತಕ ಹಿಡಿಯಲು ಅವಳನ್ನು ಕರೆದರು. ಅವಳು ಹೋದಳು. ಮತ್ತೆ ಆಡುತ್ತಾಳೋ ಇಲ್ಲವೋ ತಿಳಿಯುವ ಮೊದಲೇ ನಮ್ಮ ಬೋಧನಾಭ್ಯಾಸದ ಅವಧಿ ಮುಗಿಯಿತು. ಮನೆಯವರ ಮನಸ್ಸು ಒಂದು ಇಂಗ್ಲಿಷ್ ಪಾಠದಿಂದ ಬದಲಾಗುವುದಿಲ್ಲ. ಆದರೆ ಅವಳ ಹೆಸರು ಮೈದಾನದ ಪುಸ್ತಕದಲ್ಲಿ ಮತ್ತೆ ಸೇರಿತು.

ಮುಂದಿನ ತಂಡದ ಗೆಳೆಯ ಗೆಳತಿಯರು ಈ ಪಾಠ ಮಾಡುವಾಗ ಸೋಫಿಯಾ ಅವರನ್ನೇ ತೆಗೆದುಕೊಳ್ಳಬೇಕೆಂದಿಲ್ಲ. ನಿಮ್ಮ ಊರಿನ ದಾದಿಯಾಗಲಿ, ರೈತ ಮಹಿಳೆಯಾಗಲಿ ಆದೀತು. ಸುಳಿವುಗಳನ್ನು ಬರೆದಾದ ಮೇಲೆ ಒಮ್ಮೆ ಪರೀಕ್ಷಿಸಿ: ಇವೆಲ್ಲವನ್ನೂ ‘ಮತ್ತು’ ಒಂದರಿಂದಲೇ ಜೋಡಿಸಲು ಆಗುತ್ತದೆಯೇ? ಆಗುವುದಾದರೆ ಇನ್ನೊಂದು ಸುಳಿವು ಸೇರಿಸಿ.