ಕಂದಕದ ಈಚೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ನಾನು ಹುಡುಕುವುದು ಹಿಂದಿನ ಸೀಟನ್ನು. ಕಾರು, ಬೈಕುಗಳನ್ನೆಲ್ಲ ಬುಡದಲ್ಲೇ ಬಿಟ್ಟು ಅಲ್ಲಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಮೇಲಕ್ಕೆ ಹೋಗಬೇಕು. ಮುಂದೆ ಕೂತವರಿಗೆ ಮಂಜು ಕಾಣುತ್ತದೆ, ಅದೃಷ್ಟವಿದ್ದರೆ ಆನೆಯೂ ಕಾಣುತ್ತದೆ. ಹಿಂದೆ ಕೂತರೆ ಕಾಣುವುದು ನಮ್ಮ ಗುಂಡ್ಲುಪೇಟೆ ತಾಲ್ಲೂಕು. ಬಸ್ಸು ತಿರುವು ತಿರುವಿಗೂ ವಾಲುತ್ತ ಏರಿದ ಹಾಗೆ ಅದು ಕೆಳಗೆ ಹರಡಿಕೊಳ್ಳುತ್ತ ಹೋಗುತ್ತದೆ. ಮೊದಲು ಕಾಡು. ಕಾಡು ಒಂದು ಕಡೆ ಥಟ್ಟನೆ ನಿಲ್ಲುತ್ತದೆ. ಆಮೇಲೆ ಚೌಕ ಚೌಕವಾಗಿ ಹೊಲಗಳು: ಬೀಟ್‌ರೂಟು, ಟೊಮೆಟೊ, ಸಣ್ಣ ಈರುಳ್ಳಿ, ಕಾಲ ಬಂದಿದ್ದರೆ ಕಣ್ಣು ಕುಕ್ಕುವ ಚೆಂಡು ಹೂವು.

ಕಾಡು ನಿಲ್ಲುವ ಆ ಗೆರೆಯನ್ನು ಹೊಳೆಯೋ ಗುಡ್ಡವೋ ಎಳೆದದ್ದಲ್ಲ. ಅದು ಆನೆ ಕಂದಕ. ಅದರ ಒಂದಷ್ಟು ಮಾರನ್ನು ನಮ್ಮ ತಾತ ತೋಡಿದ್ದರು. ನಮ್ಮದು ಉಪ್ಪಲಿಗರ ಬೀದಿ. ಮಣ್ಣು ಅಗೆಯುವುದು, ಕೆರೆ ತೋಡುವುದು ನಮ್ಮವರ ಹಳೆಯ ಕಸುಬು. ದಿನಗೂಲಿಗೆ ಹಳ್ಳ ತೋಡಿದ ತಾತ, ಆ ಹಳ್ಳದ ಈಚೆ ಉಳಿದ ಎರಡು ಎಕರೆ ಹತ್ತು ಗುಂಟೆಯಲ್ಲೇ ಜೋಳ, ಹುರುಳಿ ಬೆಳೆದುಕೊಂಡು ಹೋಗಿಬಿಟ್ಟರು. ಈಗ ಕಂದಕವನ್ನು ಜೆಸಿಬಿ ತೋಡುತ್ತದೆ. ಕೆಲವು ಕಡೆ ಹಳೆಯ ರೈಲು ಕಂಬಿಗಳ ಬೇಲಿ ಬಂದಿದೆ. ಆನೆಗಳು ಎರಡನ್ನೂ ದಾಟುವುದನ್ನು ಕಲಿತಿವೆ.

ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ನಮ್ಮದೇ ತಾಲ್ಲೂಕು: ಕಾಡಂಚಿನ ಹಳ್ಳಿಗಳ ಭೂಮಿ ಮತ್ತು ರಾಜಕಾರಣ. ಇದನ್ನು ಮೊದಲ ಸಲ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಬೀಡಿ ಸೇದಿ, "ನಮ್ಮೂರ ಓದಕ ಮೈಸೂರ್ಗ ಹೋಗ್ಬೇಕಾ ಕೂಸು?" ಎಂದಿದ್ದರು. ನಾಲ್ಕು ವರ್ಷವಾಯಿತು, ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ಬೆಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೋಗಿಬಂದವರೆಲ್ಲ ಬರೆದಿದ್ದಾರೆ. ಎತ್ತರ 1454 ಮೀಟರ್. ದೇವಸ್ಥಾನ ಹೊಯ್ಸಳ ಬಲ್ಲಾಳನ ಕಾಲದ್ದು, 1315ರದ್ದು ಎನ್ನುತ್ತಾರೆ. ಬೇಸಿಗೆಯಲ್ಲೂ ಗರ್ಭಗುಡಿಯ ಬಾಗಿಲ ಮೇಲಿಂದ ನೀರು ಜಿನುಗುತ್ತದೆ. ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತಂತೆ, ಅಂದಿನಿಂದ ಬೆಟ್ಟದಲ್ಲಿ ಕಾಗೆಯೇ ಇಲ್ಲವಂತೆ. ಕಾಗೆಗೆ ಬೇಕಾದದ್ದೆಲ್ಲ ಕೆಳಗೆ ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಬಿದ್ದಿರುವಾಗ ಅದು ಬೆಟ್ಟ ಯಾಕೆ ಹತ್ತಬೇಕು ಎಂಬುದು ನನ್ನ ತರಲೆ. ಒಂದು ಮಾತು ಮಾತ್ರ ಬೇಕು. ಮೈಸೂರು ಅರಸರ ಕಾಲದಲ್ಲಿ ಈ ಕಾಡಿಗೆ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಹೆಸರಿಟ್ಟದ್ದು ಈ ದೇವರ ಹೆಸರಿನಿಂದಲೇ. 1973ರಲ್ಲಿ ಹುಲಿ ಯೋಜನೆ ಬಂತು. ಆಮೇಲೆ ದೇವರೊಬ್ಬರನ್ನು ಬಿಟ್ಟು ಉಳಿದ ಬಹುಪಾಲು ಮಂದಿ ಕಾಡಿನಿಂದ ಈಚೆ ಬಂದರು. ಒಳಗೆ ಹಾಡಿಗಳಿದ್ದ ಸೋಲಿಗರು, ಜೇನುಕುರುಬರು ಬಂದರು. ದನದ ದೊಡ್ಡಿ ಹಾಕಿಕೊಂಡಿದ್ದವರೂ ಬಂದರು.

ದೊಡ್ಡಿ ಎಂದರೆ ನಮ್ಮ ಅಜ್ಜಿಯ ಕಥೆ. ಅಜ್ಜಿ ಹದಿನೆಂಟು ದನ ಕಟ್ಟಿದ್ದಳು. ಹಾಲು ಮನೆಗೇ ಸಾಲುತ್ತಿರಲಿಲ್ಲ. ಕಾಡಿನಲ್ಲಿ ಮೇಯುವ ಬಡಕಲು ನಾಟಿ ದನ ಕೊಡುವುದೇ ಅಷ್ಟು. ಅಷ್ಟು ದನ ಯಾಕೆ ಎಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ದನ ಇದ್ದದ್ದು ಸಗಣಿಗೆ. ಮಂಕರಿ ಲೆಕ್ಕದಲ್ಲಿ ಗೊಬ್ಬರ ತುಂಬಿಕೊಳ್ಳಲು ಲಾರಿ ಬರುತ್ತಿತ್ತು. ಲಾರಿ ಹೋಗುತ್ತಿದ್ದದ್ದು ವಯನಾಡಿನ ಕಾಫಿ ತೋಟಗಳಿಗೆ.

ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಎಂ.ಡಿ. ಮಧುಸೂದನ್ ಅವರು 2005ರಲ್ಲಿ ಪ್ರಕಟಿಸಿದ ಲೇಖನ ಓದುತ್ತಿದ್ದಾಗ ಮೈ ಜುಂ ಎಂದಿತ್ತು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ದನ ಹೆಚ್ಚಿದ್ದಕ್ಕೂ ಪ್ರಪಂಚದ ಕಾಫಿ ಮಾರುಕಟ್ಟೆಗೂ ಇರುವ ನಂಟನ್ನು ಅದರಲ್ಲಿ ತೋರಿಸಿದ್ದಾರೆ. 1994ರಲ್ಲಿ ಬ್ರೆಜಿಲಿನ ಕಾಫಿ ತೋಟಗಳ ಮೇಲೆ ಹಿಮ ಬಿತ್ತು. ಪ್ರಪಂಚದಲ್ಲೆಲ್ಲ ಕಾಫಿ ಬೆಲೆ ಏರಿತು. ಬೆಲೆ ಏರಿದರೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರ ಬೇಕೆಂದರೆ ಸಗಣಿಗೆ ಬೆಲೆ. ಸಗಣಿಗೆ ಬೆಲೆ ಬಂದರೆ ನಮ್ಮ ಅಜ್ಜಿಯಂಥವರು ಇನ್ನೂ ನಾಲ್ಕು ದನ ಕಟ್ಟುತ್ತಾರೆ, ಆ ದನ ಹುಲಿಯ ಕಾಡಿಗೆ ಮೇಯಲು ನುಗ್ಗುತ್ತವೆ. ಬ್ರೆಜಿಲ್ ಎಂಬ ಹೆಸರನ್ನೇ ಕೇಳದ ನನ್ನ ಅಜ್ಜಿ ಅಲ್ಲಿಯ ಹಿಮದಿಂದ ಒಂದು ಜೊತೆ ಓಲೆ ಮಾಡಿಸಿಕೊಂಡಿದ್ದಳು. ಆ ಓಲೆ ಈಗ ನನ್ನ ಕಿವಿಯಲ್ಲಿದೆ.

ಇದನ್ನು ಅಜ್ಜಿಗೆ ವಿವರಿಸಲು ಹೋದೆ. ಪೂರ್ತಿ ಕೇಳಿಸಿಕೊಂಡು, "ಕಾಡ್ನ ದನ ತಿಂತು ಅಂತ ಬರ್ದವ್ರಾ? ದನವ ಹುಲಿ ತಿಂದದ್ದ ಬರ್ದಿಲ್ವಾ?" ಎಂದಳು. ಹುಲಿ ಅವಳ ಮೂರು ದನ ತಿಂದಿತ್ತು.

ಬೆಟ್ಟದ ಮೇಲಿಂದ ಕಾಣುವ ಗೆರೆ ಕೆಳಗೆ ಬಂದು ನೋಡಿದರೆ ಗೆರೆಯೇ ಅಲ್ಲ. ಎಲ್ಲವೂ ಅದನ್ನು ದಾಟಿ ಓಡಾಡುತ್ತದೆ. ಮೈಸೂರಿನಿಂದ ಬರುವ ದಾರಿ ಗುಂಡ್ಲುಪೇಟೆಯಲ್ಲಿ ಕವಲಾಗಿ ಒಂದು ವಯನಾಡಿನ ಕಡೆಗೆ, ಇನ್ನೊಂದು ಹಂಗಳ, ಬಂಡೀಪುರ ದಾಟಿ ಊಟಿಯ ಕಡೆಗೆ ಹೋಗುತ್ತದೆ. ನಮ್ಮ ತರಕಾರಿ, ಹೂವು, ಜಲ್ಲಿ ಕಲ್ಲು ಎಲ್ಲವೂ ಈ ದಾರಿಗಳಲ್ಲಿ ಇಳಿಯುತ್ತವೆ. ಮೆಣಸು ಕೊಯ್ಯಲು, ಕಾಫಿ ಹಣ್ಣು ಬಿಡಿಸಲು ನಮ್ಮ ಬೀದಿಯ ಹೆಂಗಸರು ಜೀಪು ತುಂಬ ಹೋಗುತ್ತಾರೆ. ಓಣಂ ಹತ್ತಿರ ಬಂತೆಂದರೆ ಆ ಕಡೆಯಿಂದ ಕಾರುಗಳು ಬರುತ್ತವೆ, ಚೆಂಡು ಹೂವಿನ ಹೊಲದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು. ಹೂ ಕಿತ್ತು ಮಾರಿದ್ದಕ್ಕಿಂತ ಫೋಟೊಗೆ ನಿಂತವರಿಂದ ವಸೂಲು ಮಾಡಿದ್ದೇ ವಾಸಿಯಾಯಿತು ಎಂದು ಪಕ್ಕದ ಹೊಲದವರು ನಗುತ್ತ ಹೇಳಿದ್ದುಂಟು. ಆ ಹೂವು ದೇವರಿಗೆ ಏರುವುದು ಕಡಿಮೆ. ಹೆಚ್ಚಿನದು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಕಲ್ಲಿನದು ನಗುವ ಕಥೆಯಲ್ಲ. 2022ರ ಮಾರ್ಚಿನಲ್ಲಿ ಮಡಹಳ್ಳಿಯ ಗುಡ್ಡ ಕುಸಿದು ದೂರದೂರಿನಿಂದ ಕೂಲಿಗೆ ಬಂದಿದ್ದವರು ಕಲ್ಲಿನಡಿ ಸತ್ತರು.

ದಾರಿ ಮುಚ್ಚುವುದು ರಾತ್ರಿ ಮಾತ್ರ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂಡೀಪುರದೊಳಗೆ ವಾಹನ ಸಂಚಾರ ನಿಷಿದ್ಧ. ಆಂಬುಲೆನ್ಸಿಗೂ ಎಣಿಸಿದಷ್ಟು ಬಸ್ಸುಗಳಿಗೂ ಮಾತ್ರ ಬಿಡುವು. ಈ ನಿಷೇಧದ ಬಗ್ಗೆ ವಯನಾಡಿನವರು ಧರಣಿ ಕೂರುತ್ತಾರೆ, ಬೆಂಗಳೂರಿನವರು ಸಹಿ ಸಂಗ್ರಹಿಸುತ್ತಾರೆ, ಟೀವಿಯಲ್ಲಿ ಎರಡು ರಾಜ್ಯಗಳ ಜಗಳವಾಗುತ್ತದೆ. ಗೇಟಿನ ಪಕ್ಕದ ಹಳ್ಳಿಯವರನ್ನು ಮಾತ್ರ ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರೆ ನಿಷೇಧ ಇರಲಿ ಎನ್ನುತ್ತೇನೆ. ಚಿಕ್ಕವಳಿದ್ದಾಗ ಬೆಳಗಿನ ಬಸ್ಸಿನಲ್ಲಿ ಹೋಗುವಾಗ ರಸ್ತೆಗೆ ಅಂಟಿಕೊಂಡ ಜಿಂಕೆಗಳನ್ನು ನೋಡಿದ್ದೇನೆ. ಆದರೆ ಟೊಮೆಟೊ ಲೋಡು ಗೇಟು ಮುಚ್ಚುವ ಮೊದಲು ದಾಟಲಿಲ್ಲವೆಂದು ಬೆಲೆ ಮುರಿಸಿಕೊಂಡವರ ಎದುರು ಈ ಮಾತು ಹೇಳುವ ಧೈರ್ಯ ನನಗಿಲ್ಲ. ನನ್ನ ಪ್ರಶ್ನಾವಳಿಯಲ್ಲಿ ಆ ಪ್ರಶ್ನೆಯನ್ನು ಕೊನೆಗಿಟ್ಟಿದ್ದೇನೆ.

ರಾಜಕಾರಣ ಎಂದರೆ ನಮ್ಮಲ್ಲಿ ಬಹಳ ಕಾಲ ಎರಡು ಹೆಸರು. ಕೆ.ಎಸ್. ನಾಗರತ್ನಮ್ಮ 1957ರಲ್ಲಿ ಮೊದಲ ಸಲ ಗೆದ್ದವರು, ಒಟ್ಟು ಏಳು ಸಲ ಗುಂಡ್ಲುಪೇಟೆಯಿಂದ ವಿಧಾನಸಭೆಗೆ ಹೋದರು. 1972ರಲ್ಲಿ ಸಭಾಧ್ಯಕ್ಷರಾದರು, ರಾಜ್ಯದಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಆಮೇಲೆ ಎಚ್.ಎಸ್. ಮಹದೇವಪ್ರಸಾದ್ 1994ರಿಂದ 2013ರವರೆಗೆ ಸತತ ಐದು ಸಲ ಗೆದ್ದರು. ನಡುವೆ ಪಕ್ಷಗಳು ಬದಲಾದವು, ಗೆಲುವು ಬದಲಾಗಲಿಲ್ಲ. 2017ರ ಜನವರಿಯಲ್ಲಿ ಅವರು ಮಂತ್ರಿಯಾಗಿದ್ದಾಗಲೇ ತೀರಿಕೊಂಡರು. ಏಪ್ರಿಲಿನ ಉಪಚುನಾವಣೆಗೆ ಎಷ್ಟು ಮಂದಿ ಮಂತ್ರಿಗಳು ಬಂದಿಳಿದರೆಂದರೆ ನಮ್ಮೂರಿನ ಹುಡುಗರು ಕಾರಿನ ನಂಬರು ಬರೆದುಕೊಳ್ಳುವುದನ್ನು ಆಟ ಮಾಡಿಕೊಂಡಿದ್ದರು. ಅವರ ಪತ್ನಿ ಗೆದ್ದರು. 2018ರಲ್ಲಿ ಬಿಜೆಪಿಯ ನಿರಂಜನ್ ಕುಮಾರ್, 2023ರಲ್ಲಿ ಮಹದೇವಪ್ರಸಾದರ ಮಗ ಗಣೇಶ್ ಪ್ರಸಾದ್. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆಯಿಂದ ಎಷ್ಟೋ ಮಂದಿ ಈ ಕಡೆ ತಲೆ ಹಾಕದೆ ಇದ್ದ ಜಿಲ್ಲೆ ನಮ್ಮದು.

ಏಳು ಸಲ ಹೆಂಗಸನ್ನು ಗೆಲ್ಲಿಸಿದ ತಾಲ್ಲೂಕು ಎಂದು ವಿಚಾರ ಸಂಕಿರಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇನೆ. ಮನೆಗೆ ಬಂದರೆ, ಮತದಾನದ ಹಿಂದಿನ ರಾತ್ರಿ ಬೀದಿಯ ಯಜಮಾನರು ಕೂತು ತೀರ್ಮಾನಿಸಿದ ಗುರುತನ್ನು ಅವ್ವನಿಗೆ ಅಪ್ಪ ಹೇಳುತ್ತಾರೆ. ಅವ್ವ "ಆಯ್ತು" ಎನ್ನುತ್ತಾಳೆ. ಯಾವುದಕ್ಕೆ ಒತ್ತಿದೆ ಎಂದು ನನಗೂ ಹೇಳಿಲ್ಲ. ನನ್ನ ಸಂಶೋಧನೆಯ ಅತ್ಯಂತ ಕಷ್ಟದ ಮಾಹಿತಿದಾರಳು ಅವಳು.

ಈಚೆಗೆ ಪಕ್ಷಕ್ಕಿಂತ ದೊಡ್ಡ ರಾಜಕಾರಣ ಹುಲಿಯದು. 2019ರ ಅಕ್ಟೋಬರಿನಲ್ಲಿ ಚೌಡಹಳ್ಳಿಯ ಸುತ್ತ ಇಬ್ಬರನ್ನು ಕೊಂದ ಹುಲಿಯನ್ನು ಸಾಕಾನೆಗಳನ್ನು ತಂದು ಹಿಡಿಯಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ ಬೊಮ್ಮಲಾಪುರದವರು, ಹುಲಿ ಹಿಡಿಯಲಿಲ್ಲವೆಂಬ ಸಿಟ್ಟಿಗೆ, ಹುಲಿಗೆಂದು ಇಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಮೊಬೈಲಿನಲ್ಲಿ ಆ ವಿಡಿಯೊ ನೋಡಿ ಹಾಸ್ಟೆಲಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಕಾಡಂಚಿನಲ್ಲಿ ದಿನಗೂಲಿಗೆ ವಾಚರ್ ಕೆಲಸ ಮಾಡುವವರು ಹೊರಗಿನವರಲ್ಲ, ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ ಇಬ್ಬರು ಅದೇ ಕೆಲಸದಲ್ಲಿದ್ದಾರೆ. ಬೋನಿನ ಒಳಗಿದ್ದವರೂ ಹೊರಗಿದ್ದವರೂ ಒಂದೇ ಸಂತೆಗೆ ಹೋಗುವವರು.

ಇಷ್ಟನ್ನೂ ನಾನು ಅಧ್ಯಾಯಗಳಾಗಿ ಬರೆದಿದ್ದೇನೆ. ಸಿಕ್ಕಿಬಿದ್ದದ್ದು ಮೂರನೆಯ ಅಧ್ಯಾಯದಲ್ಲಿ. ಅದು ಗುತ್ತಿಗೆ ಶುಂಠಿಯ ಅಧ್ಯಾಯ. ಕೇರಳದಿಂದ ಬಂದ ಬೆಳೆಗಾರರು ಮುಂಗಡ ಹಣ ಕೊಟ್ಟು ಹದಿನೆಂಟು ತಿಂಗಳಿಗೆ ಜಮೀನು ಹಿಡಿಯುತ್ತಾರೆ. ಶುಂಠಿಗೆ ಬರುವ ಕೊಳೆರೋಗ ಮಣ್ಣಿನಲ್ಲೇ ಉಳಿಯುವುದರಿಂದ ಮುಂದಿನ ಸಲ ಇನ್ನೊಂದು ಹೊಸ ಜಮೀನು ಬೇಕು. ಜಮೀನಿನವನಿಗೆ ಉಳಿಯುವುದು ಔಷಧದ ವಾಸನೆ ಹೊಡೆಯುವ ಮಣ್ಣು. ಇದನ್ನು ಸಾಕಷ್ಟು ಸಿಟ್ಟಿನಿಂದಲೇ ಬರೆದಿದ್ದೆ. ಮಾಹಿತಿದಾರರ ಹೆಸರು ಹಾಕುವಂತಿಲ್ಲ, ಹಾಗಾಗಿ ರೈತ 1, ರೈತ 2. ರೈತ 14 ಎರಡು ಎಕರೆ ಹತ್ತು ಗುಂಟೆಯನ್ನು ಶುಂಠಿಗೆ ಕೊಟ್ಟಿದ್ದ. ಟ್ರಾಕ್ಟರು ತಿರುಗಲು ಅಡ್ಡವೆಂದು ಬದುವಿನ ಹುಣಸೆ ಮರ ಕಡಿಸಿದ್ದ. "ಈ ರೈತ ಯಾಕೆ ಕೊಟ್ಟ ಎನ್ನುವುದು ಸ್ಪಷ್ಟವಿಲ್ಲ" ಎಂದು ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. "ಆರ್ಥಿಕ ಒತ್ತಡ" ಎಂದು ಸೇರಿಸಿ ಕಳಿಸಿದೆ.

ರೈತ 14 ನನ್ನ ಅಪ್ಪ. ಆರ್ಥಿಕ ಒತ್ತಡ ನಾನು. ಪಿಎಚ್.ಡಿ. ಪ್ರವೇಶದ ಶುಲ್ಕ, ಹಾಸ್ಟೆಲು, ಒಂದು ಹಳೆಯ ಲ್ಯಾಪ್‌ಟಾಪು, ಎಲ್ಲ ಬಂದದ್ದು ಆ ಮುಂಗಡದಿಂದ. ಅಪ್ಪ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಕ್ಷೇತ್ರಕಾರ್ಯದ ನೆಪದಲ್ಲಿ ಮನೆಯ ಲೆಕ್ಕ ಬರೆಯಲು ಕೂತಾಗ ತಾರೀಖುಗಳು ತಾವಾಗಿಯೇ ಒಂದಕ್ಕೊಂದು ಕೂಡಿಕೊಂಡವು.

ಕಳೆದ ತಿಂಗಳು ಊರಿಗೆ ಹೋದಾಗ ಅಪ್ಪನ ಜೊತೆ ರಾತ್ರಿ ಕಾವಲಿಗೆ ಹೋದೆ. ಮೊದಲು ಅಟ್ಟಣೆ ಇದ್ದದ್ದು ಆ ಹುಣಸೆ ಮರದ ಮೇಲೆ. ಈಗ ನಾಲ್ಕು ನೀಲಗಿರಿ ಕಂಬ ನೆಟ್ಟು ಕಟ್ಟಿದ್ದಾರೆ, ಗಾಳಿ ಬಂದರೆ ಅಲುಗುತ್ತದೆ. ಮಂಡಿ ನೋವಿನ ಅಪ್ಪ ಹತ್ತುವಾಗ ಮೂರು ಸಲ ನಿಂತರು. ಒಂಬತ್ತು ದಾಟಿದ ಮೇಲೆ ಊಟಿ ರಸ್ತೆಯ ಸದ್ದು ಪೂರ್ತಿ ಅಡಗಿತು. ಬೆಟ್ಟ ಕಪ್ಪಗೆ ಮಲಗಿತ್ತು. ಕಂದಕದ ಆಚೆ ಏನೋ ಕೊಂಬೆ ಮುರಿಯುವ ಸದ್ದಾಯಿತು. ಅಪ್ಪ ಟಾರ್ಚು ಹಾಕಲಿಲ್ಲ, ಕೈ ಎತ್ತಿ ಸುಮ್ಮನಿರು ಎಂದರು. ಬಹಳ ಹೊತ್ತು ಕಾದೆವು. ಸದ್ದು ಪೂರ್ವಕ್ಕೆ ಸರಿದುಹೋಯಿತು.

ಆಮೇಲೆ ನಾನೇ ಹೇಳಿದೆ, ಪುಸ್ತಕದಲ್ಲಿ ಅಪ್ಪನ ಬಗ್ಗೆಯೂ ಇದೆ ಎಂದು. ಶುಂಠಿ, ಮುಂಗಡ, ಹುಣಸೆ ಮರ ಎಲ್ಲ ಹೇಳಿದೆ. ಫೀಸಿನ ಮಾತು ಬಾಯಿಗೆ ಬರಲಿಲ್ಲ. ಅವರು ಬೀಡಿ ಹಚ್ಚಿ, "ನನ್ ಹೆಸ್ರ ಏನಂತ ಬರ್ದಿದ್ದೈ?" ಎಂದರು.

"ರೈತ ಹದಿನಾಲ್ಕು ಅಂತ."

"ಹದಿನಾಲ್ಕ್ ಎಕ್ರೆ ರೈತ ಅಂತಾದ್ರೂ ಬರ್ದಿದ್ರೆ ನಾಕ್ ಜನ ಹೆಣ್ ಕೇಳಕ ಬಂದಾರು ಕನಾ."

ನಗು ಬಂತು. ಅಪ್ಪ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಕತ್ತಲಿನಲ್ಲಿ ಮುಖ ಕಾಣದ ಹಾಗೆ, "ಮರ ಕಡ್ಸಿದ್ದ ಬರಿಬ್ಯಾಡ. ನಿಮ್ಮಜ್ಜಿಗ ಗೊತ್ತಿಲ್ಲ, ಗಾಳಿಗ ಬಿತ್ತು ಅಂದಿನಿ" ಎಂದರು.

ಆ ಸಾಲು ಇನ್ನೂ ಮೂರನೆಯ ಅಧ್ಯಾಯದಲ್ಲಿದೆ. ತೆಗೆಯಬೇಕೋ ಬೇಡವೋ ಎಂದು ನಿರ್ಧರಿಸಲು ಈ ತಿಂಗಳ ಕೊನೆಯವರೆಗೆ ಸಮಯವಿದೆ.