ತುಡುವೆಯ ಪಾಲು

ಕಾಫಿ ತೋಟ ನೋಡಿಕೊಳ್ಳುತ್ತಿರುವ ಹಳೆಯ ಶಿಷ್ಯನೊಬ್ಬ, "ಮೇಷ್ಟ್ರೇ, ಪೆಟ್ಟಿಗೆಯ ಜೇನು ಪಾಲಾಗಿ ಹಾರಿಹೋಗದಂತೆ ತಡೆಯುವುದು ಹೇಗೆ?" ಎಂದು ನನ್ನನ್ನು ಕೇಳಿದ್ದಾನೆ.

ಗೋಣಿಬೀಡಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳುವ ಹಂಗಾಮಿನಲ್ಲಿ ತುಡುವೆಯ ಸಂಸಾರ ಪೆಟ್ಟಿಗೆ ಹಿಡಿಸದಷ್ಟು ಬೆಳೆಯುತ್ತದೆ. ಎರಿಯ ಕೆಳ ಅಂಚಿನಲ್ಲಿ ರಾಣಿಕೋಶಗಳು ಮೂಡಿ ಬಾಯಿ ಮುಚ್ಚಿದರೆ, ಮನೆಯನ್ನು ಮಗಳಿಗೆ ಬಿಟ್ಟು ತಾಯಿರಾಣಿ ಅರ್ಧದಷ್ಟು ನೊಣಗಳೊಡನೆ ಹೊರಡುವಳೆಂದೇ ತಿಳಿಯಬೇಕು.

ಮೊದಲೇ ಮೇಲೆ ಜೇನುಕೋಣೆಯಿಟ್ಟು ಜಾಗ ಕೊಡಬೇಕು. ಆದರೂ ಕೋಶ ಕಟ್ಟಿದರೆ, ತಾಯಿರಾಣಿಯನ್ನು ಕೆಲವು ಎರಿ, ನೊಣಗಳೊಡನೆ ಬೇರೆ ಪೆಟ್ಟಿಗೆಗೆ ಸಾಗಿಸಿ, ಹಳೆಯದರಲ್ಲಿ ಒಂದೇ ಒಳ್ಳೆಯ ಕೋಶವನ್ನುಳಿಸಿ, ನಾವೇ ಪಾಲು ಮಾಡಿಕೊಡುವುದು ಲೇಸು.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿತು. ಅಳಿದುಳಿದವು ಪಾಲಾಗಿ ಪಾಲಾಗಿಯೇ ತಳಿ ಮತ್ತೆ ಹಬ್ಬಿತು. ಪಾಲಾಗುವುದು ಕೇಡಲ್ಲ, ಕಾಡಿಗೆ ಹಾರುವ ಪಾಲನ್ನು ತೋಟದಲ್ಲೇ ನೆಲೆಗೊಳಿಸುವುದು ಜಾಣತನ.