ಸಾಮ್ರಿಯ ಸಹವಾಸ

ದೆವ್ವ ಅಂದರೆ ಕೈಯಲ್ಲಿ ಮಾಡಿದ್ದಾಗಿರಬೇಕು. ಕಂಪ್ಯೂಟರಿನಲ್ಲಿ ಹುಟ್ಟಿದ ದೆವ್ವಗಳ ಮೇಲೆ ನನಗೆ ಗೌರವವಿದೆ, ಹೆದರಿಕೆಯಿಲ್ಲ. ಗೋಡೆ ತೂರಿ ಬರುತ್ತವೆ, ಚಾವಣಿಯ ಮೇಲೆ ಹರಿದಾಡುತ್ತವೆ, ನೂರು ಚೂರಾಗಿ ಮತ್ತೆ ಕೂಡಿಕೊಳ್ಳುತ್ತವೆ. ಯಾವುದಕ್ಕೂ ಮೈ ಬಗ್ಗಿಸಿದಂತೆ ಕಾಣುವುದಿಲ್ಲ. ಹಿಂದಿ ಸಿನಿಮಾದ ರಾಮ್ಸೆ ಸಹೋದರರ ದೆವ್ವ ಹಾಗಲ್ಲ. ಪಾಪ, ಅದು ನಡೆದುಕೊಂಡೇ ಬರಬೇಕು. ಮುಖಕ್ಕೆ ಮೆತ್ತಿದ್ದು ಕತ್ತಿನ ಹತ್ತಿರ ಕೊಂಚ ಎದ್ದಿರುತ್ತದೆ, ಹೆಜ್ಜೆಗೊಂದು ಏದುಸಿರು. ಅಯ್ಯೋ ಅನ್ನಿಸುವಷ್ಟರಲ್ಲಿ ಯಾರದೋ ಕುತ್ತಿಗೆ ಅದರ ಕೈಯಲ್ಲಿರುತ್ತದೆ.

ಆ ಏಳು ಜನ ಅಣ್ಣತಮ್ಮಂದಿರ ಕಥೆ ಅವರ ಸಿನಿಮಾಗಳಿಗಿಂತ ಸೊಗಸು. ಅಪ್ಪ ಫತೇಚಂದ್ ರಾಮ್‌ಸಿಂಘಾನಿ ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟವರು. ಬ್ರಿಟಿಷ್ ಗಿರಾಕಿಗಳ ಬಾಯಲ್ಲಿ ಹೆಸರು ಸವೆದು ರಾಮ್ಸೆ ಆಯಿತು. ದೇಶ ಎರಡಾದ ಮೇಲೆ ಮುಂಬೈಗೆ ಬಂದರು, ಸಿನಿಮಾಕ್ಕೆ ದುಡ್ಡು ಹಾಕಿದರು, ಕೈ ಸುಟ್ಟುಕೊಂಡರು. 1970ರ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಮಕಾಡೆ ಮಲಗಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ತೊಟ್ಟು ಕಳ್ಳತನಕ್ಕೆ ಬರುವ ಒಂದು ದೃಶ್ಯವಿತ್ತು. ಅದಕ್ಕೆ ಮಾತ್ರ ಜನ ಬೆಚ್ಚಿ ಕೂತದ್ದನ್ನು ಮಕ್ಕಳು ಗಮನಿಸಿದರು. ಮುಳುಗಿದ ಹಡಗಿನಿಂದ ಅವರು ಎತ್ತಿಕೊಂಡದ್ದು ಆ ಮುಖವಾಡವೊಂದನ್ನೇ. ಅಂಗಡಿ ಮನೆತನದ ಬುದ್ಧಿ ಅಂದರೆ ಇದು.

1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’. ಸ್ಟುಡಿಯೊ ಇಲ್ಲ, ಸೆಟ್ ಇಲ್ಲ. ಮನೆಮಂದಿಯೆಲ್ಲ ಮಹಾಬಲೇಶ್ವರಕ್ಕೆ ಹೋಗಿ ಸರ್ಕಾರಿ ಅತಿಥಿಗೃಹದಲ್ಲಿ ಬೀಡುಬಿಟ್ಟರು. ಕುಮಾರ್ ಕಥೆ ಬರೆದರೆ ಗಂಗು ಕ್ಯಾಮೆರಾ, ಕಿರಣ್ ಶಬ್ದ, ಅರ್ಜುನ್ ಎಡಿಟಿಂಗ್. ತುಳಸಿ ಮತ್ತು ಶ್ಯಾಮ್ ನಿರ್ದೇಶನ. ಹೆಂಗಸರದು ಅಡುಗೆ. ನಮ್ಮ ಕಡೆ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳಲು ಕೋರ್ಟು ಹತ್ತುತ್ತಾರೆ. ಇವರು ಒಂದು ಹೆಣವನ್ನು ಜಗಳವಿಲ್ಲದೆ ಹಂಚಿಕೊಂಡರು.

ಅವರ ಕೈ ಪೂರ್ತಿ ಪಳಗಿದ್ದು 1984ರ ‘ಪುರಾನಾ ಮಂದಿರ್’ನಲ್ಲಿ. ಕಥೆ ನಡೆಯುವ ಊರಿನ ಹೆಸರು ಬಿಜಾಪುರ! ಗೋಳಗುಮ್ಮಟದ ಸುಳಿವಿಲ್ಲ, ಜೋಳದ ಹೊಲವಿಲ್ಲ, ರಾಜನ ಹೆಸರು ಹರಿಮಾನ್ ಸಿಂಗ್. ಇರಲಿ. ಸಾಮ್ರಿ ಎಂಬ ದುಷ್ಟನ ತಲೆ ಕಡಿದು ಪೆಟ್ಟಿಗೆಯಲ್ಲಿ ಇಡುತ್ತಾರೆ, ಮುಂಡವನ್ನು ಹಳೇ ಗುಡಿಯ ಹಿಂದೆ ಹೂಳುತ್ತಾರೆ. ಸಾಯುವ ಮುಂಚೆ ಅವನು ರಾಜನ ವಂಶದ ಹೆಣ್ಣುಗಳಿಗೆ ಹೆರಿಗೆಯಲ್ಲೇ ಸಾವೆಂದು ಶಾಪ ಕೊಡುತ್ತಾನೆ. ಪೆಟ್ಟಿಗೆ ಇದೆ ಅಂದಮೇಲೆ ಯಾರೋ ತೆರೆದೇ ತೆರೆಯುತ್ತಾರೆ. ಸತ್ಯನಾರಾಯಣ ಕಥೆಯಲ್ಲಿ ಪ್ರಸಾದ ಬಿಟ್ಟು ಎದ್ದವರ ಗತಿ ಏನೆಂದು ಕೇಳುವವರಿಗೆಲ್ಲ ಮೊದಲೇ ಗೊತ್ತು, ಆದರೂ ಕಾದು ಕೂರುತ್ತಾರೆ, ಇದೂ ಹಾಗೆಯೇ. ಮುಂದೇನು ಎಂಬ ಕುತೂಹಲಕ್ಕಿಂತ, ಆಗಲೇಬೇಕಾದದ್ದು ಇನ್ನೂ ಆಗಿಲ್ಲವಲ್ಲ ಎಂಬ ಚಡಪಡಿಕೆಗೇ ರುಚಿ ಹೆಚ್ಚು.

ಸಾಮ್ರಿಯಾದ ಅಜಯ್ ಅಗರ್ವಾಲ್ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಮನೆ ಕಟ್ಟಿಸಬೇಕಾದವರು ಹವೇಲಿಗಳನ್ನು ಖಾಲಿ ಮಾಡಿಸುತ್ತ ಹೆಸರಾದರು. ಆಳೆತ್ತರವನ್ನು ಮೀರಿದ ಅವರ ಆಕಾರ, ಉದ್ದನೆಯ ಮುಖ, ಕೆಳಗಿನಿಂದ ಹೊಡೆದ ಬೆಳಕು ಇಷ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಬೆಳಕಿನ ಮಾತು ಬಂತು: ಕರೆಂಟೇ ಇಲ್ಲದ ಪಾಳುಬಂಗಲೆಯ ಕಿಟಕಿಯಲ್ಲಿ ನೀಲಿ, ಮೂಲೆಯಲ್ಲಿ ಕೆಂಪು, ಮೆಟ್ಟಿಲ ಕೆಳಗೆ ಹಸಿರು. ಎಲ್ಲಿಂದ ಬಂತೆಂದು ಇವತ್ತಿನವರೆಗೆ ಯಾರೂ ಕೇಳಿದ್ದಿಲ್ಲ.

ದುಡ್ಡಿಲ್ಲದವರ ಜಾಣತನ ಎಲ್ಲ ಕಡೆಯೂ ಒಂದೇ. ಅಮೆರಿಕದ ಜಾರ್ಜ್ ರೊಮೆರೊ 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ತೆಗೆಯುವಾಗ ರಕ್ತಕ್ಕೆ ಚಾಕೊಲೇಟ್ ಸಿರಪ್ ಸುರಿದರು, ಕಪ್ಪುಬಿಳುಪಿನಲ್ಲಿ ಯಾರಿಗೆ ಗೊತ್ತಾಗಬೇಕು? 1978ರ ‘ಹ್ಯಾಲೋವೀನ್’ನ ಕೊಲೆಗಾರನದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ, ‘ಸ್ಟಾರ್ ಟ್ರೆಕ್’ ನಟ ವಿಲಿಯಂ ಶಾಟ್ನರ್ ಮುಖದ ಮುಖವಾಡ. ಬಿಳಿ ಬಣ್ಣ ಬಳಿದು ಕೊಂಚ ತಿದ್ದಿದರು, ಅಷ್ಟೆ.

1993ರಲ್ಲಿ ಈ ರಾಮ್ಸೆಗಳು ‘ಜೀ ಹಾರರ್ ಶೋ’ ಮೂಲಕ ನಮ್ಮ ನಡುಮನೆಗೇ ಬಂದರು. ಹಿಂದಿ ಅರ್ಧಂಬರ್ಧ ತಿಳಿದರೂ ಹೆದರಲು ಅಡ್ಡಿಯಿರಲಿಲ್ಲ. ಕಿರ್ರೆನ್ನುವ ಬಾಗಿಲಿಗೆ ಭಾಷೆ ಯಾಕೆ? ನಾವು ಮಕ್ಕಳು ಬೆರಳ ಸಂದಿಯಿಂದ ನೋಡುತ್ತಿದ್ದರೆ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿ, “ಉಬ್ಬಸ ಇರಬೇಕು ಕಣ್ರೋ ಅದಕ್ಕೆ, ಯಾರಾದ್ರೂ ಬಿಸಿನೀರು ಕೊಡಬಾರದಾ” ಅಂದಿದ್ದಳು. ಹೆದರಿಕೆ ಹೋಯಿತು ಅಂತಲ್ಲ. ನಗುತ್ತಲೇ ಇನ್ನಷ್ಟು ಒತ್ತಿಕೊಂಡು ಕೂತೆವು. ಅದೇ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ, ರಾತ್ರಿ ಬಂದು ತಟ್ಟುವ ದೆವ್ವ ಓದಲೆಂದು, ‘ನಾಳೆ ಬಾ’ ಅಂತ ಬರೆದಿತ್ತು. ಕನ್ನಡ ಓದಲು ಬರುವ, ಓದಿ ವಾಪಸು ಹೋಗುವಷ್ಟು ವಿಧೇಯ ದೆವ್ವ! ಅದನ್ನು ತಡೆಯಲು ಒಂದು ಸೀಮೆಸುಣ್ಣದ ತುಂಡು ಸಾಕು. ಇದಕ್ಕಿಂತ ಕಡಿಮೆ ಬಜೆಟ್ಟಿನ ಹಾರರ್ ಉಂಟೆ?

ಹಾಗಂತ ಇವೆಲ್ಲ ಶ್ರೇಷ್ಠ ಸಿನಿಮಾಗಳೆಂದು ನಾನು ವಾದಿಸುವುದಿಲ್ಲ. ಕಾರಣವಿಲ್ಲದೆ ಬರುವ ಸ್ನಾನದ ದೃಶ್ಯಗಳು ಆಗಲೂ ಮುಜುಗರ, ಈಗಲೂ ಮುಜುಗರ. ಹಾಡುಗಳು ಸುಮಾರು. ಆದರೆ ದೆವ್ವದ ವಿಷಯದಲ್ಲಿ ಆ ಮನೆಯವರು ಮೋಸ ಮಾಡಲಿಲ್ಲ. ಇದ್ದ ದುಡ್ಡನ್ನು ಅದರ ಮುಖಕ್ಕೇ ಸುರಿದರು.

‘ಪುರಾನಾ ಮಂದಿರ್’ ಹುಡುಕಿದರೆ ಈಗಲೂ ಸಿಗುತ್ತದೆ. ರಾತ್ರಿಯೇ ನೋಡಿ, ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ನೋಡಿ. ನಡುವೆ ಹಾಸ್ಯನಟ ಜಗದೀಪ್ ಬಂದು ‘ಶೋಲೆ’ಯ ಅಣಕ ಶುರುಮಾಡಿದಾಗ ಎದ್ದು ಹೋಗಿ ಕಾಫಿ ಮಾಡಿಕೊಂಡು ಬನ್ನಿ, ಏನೂ ತಪ್ಪಿಹೋಗುವುದಿಲ್ಲ.